ಪಿಳ್ಳನ ಕೈಯ ನೀರು

ಚಿಕ್ಕಲಸಂದ್ರ
೧೭ ನವೆಂಬರ್ ೨೦೨೪, ಭಾನುವಾರ

ಪಿಳ್ಳಪ್ಪ ಚಿಕ್ಕಪ್ಪನಿಗೆ ಕಿರಣನ ನಮಸ್ಕಾರ.

ನೀನು, ಚಿಕ್ಕಮ್ಮ ಚೆನ್ನಾಗಿದ್ದೀರಿ ಅಂದುಕೊಂಡಿದ್ದೀನಿ. ಈ ಕಾಗದ ಬೇಸಿಗೆಯಲ್ಲೇ ಬರೆಯಬೇಕಿತ್ತು. ಬರೆಯಲಿಲ್ಲ, ತಪ್ಪಾಯ್ತು. ಆದರೆ ಅದರಲ್ಲಿ ಅರ್ಧ ತಪ್ಪು ನಿನ್ನದು. ನಮ್ಮ ಮನೆಯವರ ನಂಬರೆಲ್ಲ ಬ್ಲಾಕ್ ಮಾಡಿ ಕೂತಿದ್ದೀಯ. ಹೊಸ ಸಿಮ್ ಹಾಕಿ ನಾನು ಫೋನ್ ಮಾಡಿದೆ. "ನಾನು ನಂದಣ್ಣನ ಮಗ" ಅಂದ ತಕ್ಷಣ ನೀನು ಕಟ್ ಮಾಡಿದೆ. ಹಾರೋಹಳ್ಳಿಯ ನಿನ್ನ ನರ್ಸರಿ ವಿಳಾಸ ಮೊನ್ನೆ ಸಿಕ್ಕಿತು. ಕುಂಡ ಸಾಗಿಸುವ ಟೆಂಪೋ ಶಾಮಣ್ಣ ಕೊಟ್ಟ, ಅವನನ್ನು ಬೈಯಬೇಡ. ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ರಜಾ ಚೀಟಿ ಬಿಟ್ಟರೆ ಏನೂ ಬರೆದಿಲ್ಲ, ಅದರಲ್ಲೂ ಅಪ್ಪನ ಸೈನು ನಾನೇ ಹಾಕ್ತಿದ್ದೆ. ತಪ್ಪಿದ್ದರೆ ಸರಿ ಮಾಡಿಕೊಂಡು ಓದು. ಹರಿದು ಮಾತ್ರ ಹಾಕಬೇಡ.

ಮೊದಲು ಸುದ್ದಿ. ಅಪ್ಪ ಬದುಕಿದ್ದಾನೆ. ನೀನು ಬೇರೆ ಥರ ಕೇಳಿದ್ದರೆ ಅದು ಸುಳ್ಳು. ಅಜ್ಜಿಗೆ ಮಂಡಿ ಹಿಡಿದುಕೊಂಡಿದೆ, ಬಾಯಿ ಹಾಗೇ ಇದೆ. ತಂಗಿ ಹೇಮಶ್ರೀ ಸೆಕೆಂಡ್ ಪಿಯುಸಿ, ಓದ್ತಾಳೆ. ಅಮ್ಮ ತುಂಬ ಸಣ್ಣಗಾಗಿದ್ದಾಳೆ.

ಅಪ್ಪ ಬಿದ್ದಿದ್ದು ಫೆಬ್ರವರಿಯಲ್ಲಿ, ಬಾಡಿಗೆ ಬಿಲ್ಡಿಂಗ್ ಮೇಲಿಂದ. ನಮ್ಮ ಹೊಲದಲ್ಲಿದ್ದ ರಾಮಯ್ಯ ತಾತನ ಸಮಾಧಿ ಕಿತ್ತು ಆ ಜಾಗದಲ್ಲಿ ಸಂಪು ತೋಡಿಸಿದ ಅಂತ ನೀನು ಜಗಳ ಆಡಿ ಹೋದೆಯಲ್ಲ, ಅದೇ ಬಿಲ್ಡಿಂಗು. ಮೂರನೇ ಫ್ಲೋರಿನವರಿಗೆ ನೀರು ಬರ್ತಿಲ್ಲ ಅಂತ ಟ್ಯಾಂಕ್ ನೋಡೋಕೆ ಕಬ್ಬಿಣದ ಏಣಿ ಹತ್ತಿದ್ದ. ಇಳಿಯುವಾಗ ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ಫೋನು. ಅದೇ ಬಾಡಿಗೆಯವನಿಗೆ ಬೈಯುತ್ತಾ ಇಳಿದ. ಕಾಲು ಜಾರಿತು. ತಲೆ ಪ್ಯಾರಾಪೆಟ್ ಅಂಚಿಗೆ ಬಡಿಯಿತು. ಆ ಬಾಡಿಗೆಯವನೇ ಎತ್ತಿಕೊಂಡು ಜಯನಗರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಫೋನ್ ಇನ್ನೂ ಕಟ್ ಆಗಿರಲಿಲ್ಲವಂತೆ.

ಮೆದುಳು ಊದಿಕೊಂಡಿದೆ, ಜಾಗ ಬೇಕು ಅಂತ ತಲೆಬುರುಡೆಯಲ್ಲಿ ಒಂದು ತುಂಡು ತೆಗೆದು ಇಟ್ಟರು. ಆಮೇಲೆ ಹಾಕುತ್ತೀವಿ ಅಂದರು. ಗಂಟಲಿಗೆ ತೂತು ಮಾಡಿ ಪೈಪು, ಮೂಗಿಗೆ ಪೈಪು. ಕಣ್ಣು ಬಿಡಲಿಲ್ಲ. ಶಿವರಾತ್ರಿ ಹೋಯ್ತು, ಬಿಸಿಲು ಏರಿತು, ಕಣ್ಣು ಬಿಡಲಿಲ್ಲ. ಒಂದು ದಿನ ಡಾಕ್ಟರು ಅಮ್ಮನನ್ನು ಕೂರಿಸಿಕೊಂಡು, "ನೋಡಿಮ್ಮಾ, ನಮ್ ಪ್ರಯತ್ನ ನಾವ್ ಮಾಡ್ತೀವಿ. ನೀವೂ ಮನಸ್ಸು ಗಟ್ಟಿ ಮಾಡ್ಕೊಂಡಿರಿ" ಅಂದರು. ಅಷ್ಟೇ ಅಂದಿದ್ದು. ಸಾಯ್ತಾರೆ ಅಂತ ಅವರು ಹೇಳಲಿಲ್ಲ. ನಮ್ಮವರು ಹಾಗೆ ಕೇಳಿಸಿಕೊಂಡರು.

ಇಲ್ಲಿಂದ ನಿನ್ನ ಕತೆ ಶುರು, ಗಮನ ಕೊಟ್ಟು ಓದು.

ಲಿಫ್ಟ್ ಹತ್ತಿರ ನೆಲದ ಮೇಲೆ ಕೂತು ಅಜ್ಜಿ ಹೇಳಿದಳು. "ಜೀವ ಓಗ್ತಾ ಇಲ್ಲ ಅವ್ನುದ್ದು. ಇಡ್ಕಂಡವ್ನೆ. ತಮ್ಮನ್ ಕೈ ನೀರಿಗೆ ಕಾಯ್ತಾವ್ನೆ. ಒಡಹುಟ್ಟಿದೋನ್ ಜೊತೆ ಮಾತ್ ಬಿಟ್ಟೋನು ಸುಮ್ಕೆ ಓಗಲ್ಲ, ಒದ್ದಾಡ್ತಾನೆ." ನಮ್ಮ ಕಡೆ ಇರೋ ನಂಬಿಕೆ ನಿನಗೆ ಗೊತ್ತಲ್ಲ. ಮುನಿಸಿಕೊಂಡವರು ಬಂದು ಬಾಯಿಗೆ ನೀರು ಬಿಟ್ಟರೆ ಜೀವ ಸಲೀಸಾಗಿ ಹೊರಡುತ್ತೆ ಅಂತ. ನಿನಗೆ ಫೋನ್ ಮಾಡಿದರು. ನಿನ್ನ ಹಳೇ ಮನೆಗೆ ಆಳು ಕಳಿಸಿದರು. ಬೀಗ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಲೇ ಕಿರಣ, ನಿನ್ ದನಿ ತೇಟ್ ಪಿಳ್ಳಂದೇ ಅಲ್ವೇನ್ಲಾ?"

"ಏನಜ್ಜಿ?"

"ಓಗ್ಲಾ. ಪಿಳ್ಳ ಬಂದಿವ್ನಿ ಅನ್ನು. ನೀರ್ ಮುಟ್ಸು. ಅವನ್ಗೇನ್ ಕಣ್ ಬಿಟ್ಟು ನೋಡಕ್ಕಾಯ್ತದಾ?"

ನಾನು ಅಮ್ಮನನ್ನು ನೋಡಿದೆ. ಬೇಡ ಅನ್ನುತ್ತಾಳೆ ಅಂದುಕೊಂಡೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಹೋಗ್ಬಾ ಮಗ. ಅವ್ರ್ ನೋವು ನೋಡಕ್ಕಾಗಲ್ಲ" ಅಂದಳು.

ಹೋದೆ. ಮಾರಮ್ಮನ ಗುಡಿಯ ತೀರ್ಥ ಒಂದು ಔಷಧಿ ಶೀಶೆಯಲ್ಲಿ ಇತ್ತು. ನರ್ಸು ಬಾಯಿಗೆ ನೀರು ಹಾಕಬಾರದು ಅಂತ ಜಗಳಕ್ಕೆ ಬಂದಳು, ಆಮೇಲೆ ಒಂದು ಹತ್ತಿ ಉಂಡೆ ಕೊಟ್ಟು, "ತುಟಿ ಮಾತ್ರ ಒರ್ಸಿ" ಅಂದಳು. ಒರೆಸಿದೆ. ಕಿವಿ ಹತ್ತಿರ ಬಗ್ಗಿ ಅಜ್ಜಿ ಹೇಳಿಕೊಟ್ಟಿದ್ದನ್ನೇ ಹೇಳಿದೆ. "ಅಣ್ಣ, ನಾನು ಪಿಳ್ಳ. ಬಂದಿದೀನಿ ಕಣಣ್ಣ. ಜಗಳ ಎಲ್ಲ ಮುಗೀತು. ನನಗೇನೂ ಬೇಜಾರಿಲ್ಲ. ನೀನು ಹೊರಡು, ಆರಾಮಾಗಿ ಹೊರಡು."

ಇಷ್ಟು ಹೇಳಿ ಕೈ ತೆಗೆಯೋಕೆ ಹೋದೆ. ಆಗಲಿಲ್ಲ. ನನ್ನ ಹೆಬ್ಬೆರಳನ್ನು ಅವನು ಹಿಡಿದುಕೊಂಡಿದ್ದ.

ನಾನು ಕಿರುಚಿದೆ. ನರ್ಸು ಓಡಿ ಬಂದಳು, ಡಾಕ್ಟರು ಬಂದರು, ಟಾರ್ಚು ಬಿಟ್ಟರು, ನನ್ನನ್ನು ಹೊರಗೆ ಹಾಕಿದರು. ಊತ ಮೊದಲೇ ಇಳಿಯುತ್ತಾ ಇತ್ತು, ಇದು ಆಗಬೇಕಾಗಿದ್ದೇ ಅಂತ ಆಮೇಲೆ ಹೇಳಿದರು. ನಮ್ಮ ಮನೆಯಲ್ಲಿ ಯಾರು ಕೇಳಬೇಕು. ಅಜ್ಜಿ ಲಿಫ್ಟ್ ಮುಂದೆಯೇ ಅಡ್ಡ ಬಿದ್ದು ನಮಸ್ಕಾರ ಮಾಡಿದಳು. ಲಿಫ್ಟಿಂದ ಇಳಿದವರು ತಮಗೇ ಮಾಡಿದ್ದು ಅಂದುಕೊಂಡು ಗಾಬರಿಯಾದರು.

ಕಳಿಸಿಕೊಡೋಕೆ ಹೋದವನು ನಾನು, ಎಬ್ಬಿಸಿ ಕೂರಿಸಿಬಿಟ್ಟೆ. ಇನ್ನೊಂದು ವಿಷಯ. ನಿನ್ನ ಹೆಸರಲ್ಲಿ ಅವನನ್ನು ಕ್ಷಮಿಸಿಬಿಟ್ಟಿದ್ದೀನಿ. ನಿನಗೆ ಇಷ್ಟ ಇಲ್ಲದಿದ್ದರೆ ಬಂದು ವಾಪಸ್ ತಗೋ.

ಎದ್ದ ಅಂದರೆ ಸಿನಿಮಾದಲ್ಲಿ ಏಳುವ ಥರ ಅಲ್ಲ. ಮೊದಲು ಕಣ್ಣು ಬಿಟ್ಟ, ಆದರೆ ಎಲ್ಲೋ ನೋಡುತ್ತಿದ್ದ. ವಾರಗಟ್ಟಲೆ ಹಾಗೇ. ಆಮೇಲೆ ಕೈ, ಆಮೇಲೆ ಎಡಗಾಲು. ಗಂಟಲಿನ ಪೈಪು ಮುಚ್ಚಿದ ದಿನ ಎಲ್ಲರೂ ಸುತ್ತ ನಿಂತಿದ್ದೆವು. ಅಮ್ಮ, "ರೀ, ನಾನ್ ಯಾರು ಹೇಳಿ" ಅಂದಳು. ಅಪ್ಪ ಅಮ್ಮನನ್ನು ನೋಡಿದ, ಹೇಮಶ್ರೀಯನ್ನು ನೋಡಿದ, ನನ್ನನ್ನು ನೋಡಿ, "ಪಿಳ್ಳ" ಅಂದ. ಹರಿದ ಧ್ವನಿ. "ಪಿಳ್ಳ, ಮೋಟ್ರು ಆಫ್ ಮಾಡ್ದಾ?"

ಮೇ ತಿಂಗಳಲ್ಲಿ ಮನೆಗೆ ಬಂದ. ತಲೆಯ ಎಡಗಡೆ ಹಳ್ಳ ಬಿದ್ದ ಹಾಗಿತ್ತು, ಆಗಸ್ಟಿನಲ್ಲಿ ಮೂಳೆ ವಾಪಸ್ ಹಾಕಿದರು. ಈಗ ವಾಕರ್ ಹಿಡಿದು ಬಚ್ಚಲಿಗೆ ಹೋಗ್ತಾನೆ. ಅನ್ನ ತಿನ್ತಾನೆ. ಅಮ್ಮನನ್ನು ಗುರುತು ಹಿಡೀತಾನೆ, ಅಜ್ಜಿಯನ್ನು ಹಿಡೀತಾನೆ. ಆದರೆ ಅವನ ತಲೆಯಲ್ಲಿ ಓಡುವ ವರ್ಷ ಬೇರೆ. ಹೊಲ ಇನ್ನೂ ಇದೆ ಅವನಿಗೆ. ರಾಗಿ ಕೊಯ್ಲಾಯ್ತಾ, ಸೀಬೆ ಮರಕ್ಕೆ ಬಾವಲಿ ಬರ್ತಿದೆಯಾ ಅಂತ ಕೇಳ್ತಾನೆ. ನೀನು ಮನೆ ಬಿಟ್ಟಿಲ್ಲ, ಸಮಾಧಿ ಅಲ್ಲೇ ಇದೆ. ಹೇಮಶ್ರೀ ಯಾರೋ ಪಕ್ಕದ ಮನೆಯ ಹುಡುಗಿ. ನಾನು ನೀನು.

ನಾನು ನೀನು ಚಿಕ್ಕಪ್ಪ. ಬೆಳಗ್ಗೆಯಿಂದ ಸಂಜೆಯವರೆಗೆ.

ಹಲ್ಲುಜ್ಜಿಸೋದು ಪಿಳ್ಳ. ತುತ್ತು ಕೊಡೋದು ಪಿಳ್ಳ. ಮಾತ್ರೆ ಪಿಳ್ಳನ ಕೈಯಿಂದ ಆದರೆ ಮಾತ್ರ, ಇಲ್ಲದಿದ್ದರೆ ಉಗೀತಾನೆ. ನಾನು ಗೇಟು ದಾಟಿದರೆ ಪಿಳ್ಳ ಎಲ್ಲಿ ಅಂತ ಶುರು ಮಾಡ್ತಾನೆ, ಬೀದಿಗೆ ಕೇಳೋ ಹಾಗೆ. ಬನಶಂಕರಿಯ ಗ್ಯಾರೇಜಲ್ಲಿ ಕೆಲಸ ಮಾಡ್ತಿದ್ದೆ, ಬುಲೆಟ್ ಇಂಜಿನ್ ಒಬ್ಬನೇ ಬಿಚ್ಚಿ ಕೂರಿಸುವಷ್ಟು ಕಲಿತಿದ್ದೆ. ಮೇಸ್ತ್ರಿ ಬೇಸಿಗೆಯೆಲ್ಲ ಕಾದ. ಆಮೇಲೆ ಬೇರೆ ಹುಡುಗನನ್ನು ಹಾಕಿಕೊಂಡ. ಫ್ರೆಂಡ್ಸ್ ಗೇಟಲ್ಲಿ ನಿಂತು "ಕಿರಣಾ" ಅಂತ ಕೂಗೋ ಹಾಗಿಲ್ಲ, ಅಜ್ಜಿ ನಿಲ್ಲಿಸಿದ್ದಾಳೆ. ಕಿವಿಯ ಓಲೆ ತೆಗೆಸಿದರು, ಕೂದಲು ಕಟ್ ಮಾಡಿಸಿದರು. ಬೀರುವಿನಿಂದ ನಿನ್ನ ಹಳೇ ಚೌಕುಳಿ ಶರ್ಟ್ ತೆಗೆದು ಅಮ್ಮ ಇಸ್ತ್ರಿ ಹಾಕಿ ಕೊಟ್ಟಳು. ಸರಿಯಾಗಿ ಕೂರುತ್ತೆ. ಅದಕ್ಕೇ ಇನ್ನೂ ಸಿಟ್ಟು ಬರುತ್ತೆ ನನಗೆ.

ಮೊದಮೊದಲು ಹೇಮಶ್ರೀ ತಮಾಷೆ ಮಾಡ್ತಿದ್ದಳು. "ಚಿಕ್ಕಪ್ಪಾ, ಪಾನಿಪುರಿ ಕೊಡ್ಸಿ ಚಿಕ್ಕಪ್ಪಾ. ಊರಿಂದ ಬಂದಿದೀರ, ಕೈ ಬೀಸ್ಕೊಂಡು ಬಂದಿದೀರ" ಅಂತ. ನಾನೂ ನಗ್ತಿದ್ದೆ. ಹೋದ ವಾರ ಅಪ್ಪ ಮಲಗಿದ್ದ, ನಾನು ಅಡುಗೆಮನೆಯಲ್ಲಿ ಟೀ ಕುಡೀತಿದ್ದೆ. ಅವಳು ಪುಸ್ತಕದಿಂದ ತಲೆ ಎತ್ತದೆ, "ಚಿಕ್ಕಪ್ಪ, ಆ ಸ್ವಿಚ್ ಹಾಕು" ಅಂದಳು. ತಮಾಷೆ ಅಲ್ಲ. ಬಾಯಿಗೆ ಬಂದಿದ್ದೇ ಅದು. ನಾನು ಎದ್ದು ಸ್ವಿಚ್ ಹಾಕಿದೆ. ಅಮ್ಮನೂ ಈಗ ಅಪ್ಪನ ಮುಂದೆ "ಪಿಳ್ಳಪ್ಪ, ಊಟಕ್ಕೆ ಬಾರಪ್ಪ" ಅಂತ ಮೈದುನನನ್ನು ಕರೆಯೋ ಥರ ಕರೀತಾಳೆ. ಆ "ಅಪ್ಪ" ಕೇಳಿದರೆ ತಟ್ಟೆ ಎಸೆದು ಹೋಗೋಣ ಅನ್ನಿಸುತ್ತೆ. ಎಲ್ಲಿಗೆ ಹೋಗೋದು.

ಫಿಸಿಯೋಥೆರಪಿಗೆ ಬರೋ ಬಿಂದುಶ್ರೀ ಮೇಡಂ ಒಬ್ಬರೇ ನನ್ನನ್ನು ಕಿರಣ್ ಅನ್ನೋದು, ಅದೂ ಮೆಟ್ಟಿಲ ಹತ್ತಿರ. ಒಂದು ದಿನ ಕೇಳಿದೆ.

"ಮೇಡಂ, ಇದು ಸರಿನಾ ನಾವ್ ಮಾಡ್ತಿರೋದು?"

"ವಾದ ಮಾಡ್ಬಾರ್ದು ನಿಜ. ಆದ್ರೆ ನಾಟಕಾನೂ ಆಡ್ಬಾರ್ದು ಕಿರಣ್. ನಿಧಾನಕ್ಕೆ ನಿಜ ಹೇಳ್ತಾ ಹೋಗ್ಬೇಕು. ಫೋಟೋ ತೋರ್ಸಿ, ಇವತ್ತಿನ ತಾರೀಕು ಹೇಳಿ. ನೀವೆಲ್ಲ ಸೇರಿ ಹಳೇದನ್ನೇ ಗಟ್ಟಿ ಮಾಡ್ತಿದೀರ."

ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ಇಟ್ಟಳು. "ಆ ಹೆಸರಲ್ಲಿ ಜೀವ ಬಂದೈತೆ. ಆ ಹೆಸರು ತಗುದ್ರೆ ಜೀವಾನೂ ಓಯ್ತದೆ. ಆ ಹೆಣ್ಮಗ್ಳು ಕಾಲ್ ತಿಕ್ಕಕ್ ಬತ್ತಾಳೆ, ಕಾಲ್ ತಿಕ್ಕಂಡ್ ಓಗ್ಲಿ."

ದಸರಾ ಆದ ಮೇಲೆ ಒಂದು ಬೆಳಗ್ಗೆ ಅಜ್ಜಿ ಗುಡಿಗೆ, ಅಮ್ಮ ಬಾಡಿಗೆಯವರ ಹತ್ತಿರ ಹೋಗಿದ್ದರು. ಅಪ್ಪ ಬಿಸಿಲಲ್ಲಿ ಚೇರಿನ ಮೇಲೆ ಕೂತಿದ್ದ, ನಾನು ಗಡ್ಡ ತೆಗೀತಾ ಇದ್ದೆ. ಒಂದು ಕೆನ್ನೆ ಮುಗಿಸಿದ್ದೆ. ಬ್ಲೇಡು ಕೆಳಗಿಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಅಪ್ಪ, ನಾನು ಕಿರಣ."

ನಕ್ಕ. ಅರ್ಧ ಮುಖದಲ್ಲಿ ನೊರೆ ಇಟ್ಟುಕೊಂಡು ಎಷ್ಟು ಚೆನ್ನಾಗಿ ನಕ್ಕ ಗೊತ್ತಾ. "ಲೇ ಪಿಳ್ಳ, ಆಡ್ಬೇಡ ಕಣ್ಲಾ. ಕಿರಣ ಇಷ್ಟುದ್ದ ಅವ್ನೆ" ಅಂತ ಮಂಡಿ ಹತ್ತಿರ ಕೈ ತೋರಿಸಿದ.

"ಅವನು ದೊಡ್ಡವನಾದ. ನೋಡು, ನಾನೇ. ಪಿಳ್ಳಪ್ಪ ಇಲ್ಲಿಲ್ಲ. ಜಗಳ ಆಡ್ಕೊಂಡು ಮನೆ ಬಿಟ್ಟು ಹೋದ."

"ಪಿಳ್ಳ ಯಾಕ್ ಓಯ್ತಾನೆ ನನ್ ಬಿಟ್ಟು?"

"ಹೋದ. ತಾತನ ಸಮಾಧಿ ಕಿತ್ತಾಕ್ದೆಯಲ್ಲ, ಅದಕ್ಕೆ ಹೋದ."

ನಗು ನಿಂತಿತು. ನನ್ನ ಮುಖವನ್ನೇ ನೋಡಿದ, ಬೀಗದ ಕೈ ಎಲ್ಲೋ ಇಟ್ಟು ಮರೆತವನು ನೋಡುವ ಹಾಗೆ. ನಾನು ಬಂತು, ಈಗ ಬಂತು ಅಂದುಕೊಂಡೆ. ಅವನು ವಾಕರ್ ತಳ್ಳಿ ಎದ್ದು ನಿಂತ, "ಪಿಳ್ಳ, ಪಿಳ್ಳ" ಅಂತ ಬೀದಿ ಕಡೆ ಕೂಗೋಕೆ ಶುರು ಮಾಡಿದ. ಎದುರಿಗೇ ನಾನಿದ್ದೀನಿ. ನನ್ನನ್ನು ತಳ್ಳಿ ಕೂಗ್ತಿದ್ದಾನೆ. ಕೊನೆಗೆ ನಾನೇ ಗೇಟಿನ ಆಚೆ ಹೋಗಿ, ಒಂದು ನಿಮಿಷ ನಿಂತು, ಒಳಗೆ ಬಂದು, "ಏನಣ್ಣ, ಕರೆದ್ಯಾ" ಅಂದೆ. ಕೂತ. ಮಿಕ್ಕ ಕೆನ್ನೆ ಬೋಳಿಸಿದೆ.

ಅವತ್ತು ಸಂಜೆ ಫಿಟ್ಸ್ ಬಂತು. ಬಾಯಲ್ಲಿ ನೊರೆ, ಮೈಯೆಲ್ಲ ಸೆಟೆದುಕೊಂಡು. ಮತ್ತೆ ಆಸ್ಪತ್ರೆ. ತಲೆಗೆ ಏಟು ಬಿದ್ದವರಿಗೆ ಇದು ಬರುತ್ತೆ, ಮಾತ್ರೆ ಡೋಸ್ ಜಾಸ್ತಿ ಮಾಡ್ತೀವಿ ಅಂದರು. ಬಿಂದುಶ್ರೀ ಮೇಡಂ ಕೂಡ ನೀವು ಹೇಳಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು. ಆದರೆ ಹೇಮಶ್ರೀ ಕಿಟಕಿಯಿಂದ ಎಲ್ಲ ನೋಡಿದ್ದಳು, ಹೇಳಿಬಿಟ್ಟಳು. ಅಜ್ಜಿ ಆಸ್ಪತ್ರೆ ಕಾರಿಡಾರಿನಲ್ಲೇ ನನ್ನ ಕಾಲು ಹಿಡಿಯೋಕೆ ಬಗ್ಗಿದಳು ಚಿಕ್ಕಪ್ಪ. ನನ್ನ ಕಾಲು. "ನನ್ ಮಗುನ್ನ ನಂಗ್ ಉಳ್ಸಪ್ಪ. ನೀನು ಯಾರಾದ್ರೂ ಆಗಿರು, ಅವನ್ ಬದುಕಿರಾಗಂಟ ಪಿಳ್ಳ ಆಗಿರು." ಮಾರಮ್ಮನ ಭಂಡಾರದ ಅರಿಶಿನ ನನ್ನ ಅಂಗೈಗೆ ಹಾಕಿ, ಆಣೆ ಅಂತ ಮುಚ್ಚಿಸಿದಳು. ಅಮ್ಮ ನೋಡುತ್ತಾ ನಿಂತಿದ್ದಳು. ನಾನು ಹೂಂ ಅಂದೆ. ಬೇರೆ ಏನು ಅನ್ನಲಿ.

ಬದುಕಿರೋವರೆಗೆ ಅಂದರೆ ಎಷ್ಟು ವರ್ಷ? ಅಪ್ಪನಿಗೆ ಇನ್ನೂ ಐವತ್ತು ಆಗಿಲ್ಲ. ಅವನು ಬಾಳಲಿ, ನೂರು ವರ್ಷ ಬಾಳಲಿ. ಆದರೆ ನಾನು ಯಾವಾಗ ನಾನಾಗೋದು?

ಇನ್ನೊಂದು ಹೇಳ್ತೀನಿ, ಇದು ನಿನಗೆ ಖುಷಿಯಾಗೋ ವಿಷಯ. ಅಪ್ಪನಿಗೆ ನಿನ್ನ ಮೇಲೆ ಎಷ್ಟು ಪ್ರೀತಿ ಅಂತ ನಿನಗೆ ಗೊತ್ತಿತ್ತಾ? ಭಾನುವಾರ ಮಟನ್ ಮಾಡಿದರೆ ನಡುಗುವ ಕೈಯಲ್ಲಿ ಹುಡುಕಿ ನಲ್ಲಿಮೂಳೆ ನನ್ನ ತಟ್ಟೆಗೆ ಹಾಕ್ತಾನೆ. "ಹೀರ್ಲಾ ಪಿಳ್ಳ." ನಾನು ತಡವಾಗಿ ಬಂದು ಕೂತರೆ ಊಟ ಆಯ್ತಾ ಅಂತಾನೆ. ನನಗೆ ನಿದ್ದೆ ಬಾರದಿದ್ದರೆ ತಲೆ ನೇವರಿಸ್ತಾನೆ. ನಾನು ಸ್ಕೂಲು ಬಿಟ್ಟ ದಿನ ಬೆಲ್ಟು ಮುರಿಯೋವರೆಗೆ ಹೊಡೆದ, ಅವತ್ತಿಂದ ನೇರ ಮಾತು ಬಿಟ್ಟ. ಏನಿದ್ದರೂ ಅಮ್ಮನಿಗೆ, "ನಿನ್ ಮಗಂಗೆ ಹೇಳು." ಒಂದೇ ಕೋಣೆಯಲ್ಲಿ ಕೂತು ಅಮ್ಮನ ಮುಖಾಂತರ ಬೈಸಿಕೊಂಡವನು ನಾನು. ಈಗ ದಿನವೆಲ್ಲ ನನ್ನ ಜೊತೆ ಮಾತಾಡ್ತಾನೆ. ಒಂದು ಮಾತೂ ನನ್ನದಲ್ಲ, ಎಲ್ಲ ನಿನ್ನದು. ಬೇರೆಯವರ ಊಟ ತಿಂದ ಹಾಗೆ ಆಗುತ್ತೆ.

ಅದಕ್ಕೇ ಕೇಳ್ತಿರೋದು. ಬಾ. ಸಮಾಧಿ ಕಿತ್ತಿದ್ದು ತಪ್ಪು, ನಾನೂ ಒಪ್ಪುತ್ತೀನಿ, ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಗಲಾಟೆ ಮಾಡ್ತಿದ್ದೆ. ನೀನು ಆ ಬಿಲ್ಡಿಂಗ್ ಮೆಟ್ಟಬೇಡ. ನಮ್ಮ ಮನೆ ಪಕ್ಕದ ರಸ್ತೆ, ಅಲ್ಲಿಗೆ ಬಾ. ಅಣ್ಣನ ಮುಂದೆ ಕೂತು, ನಾನು ಪಿಳ್ಳ ಅನ್ನು. ನಿಜವಾದ ಪಿಳ್ಳ ಕಣ್ಣೆದುರಿಗೆ ಬಂದರೆ ನಾನು ಯಾರು ಅಂತ ಅವನು ಕೇಳಲೇಬೇಕಲ್ಲ. ಅಜ್ಜಿಯೂ ನಿನ್ನ ಮುಂದೆ ಹೆಸರು ಹೋಯ್ತು ಅನ್ನೋ ಹಾಗಿಲ್ಲ, ಹೆಸರಿನವನೇ ಬಂದ ಮೇಲೆ. ನಿನ್ನನ್ನು ನೋಡಿ ಅವನು ಬೆದರಬಹುದು, ಯಾರಿವನು ನರೆಗೂದಲಿನವನು ಅನ್ನಬಹುದು. ಬಿಂದುಶ್ರೀ ಮೇಡಂ ಜೊತೆಯಲ್ಲಿ ಇರ್ತೀನಿ ಅಂದಿದ್ದಾರೆ. ಸೋಮವಾರ, ಗುರುವಾರ ಬೆಳಗ್ಗೆ ಅವರು ಬರ್ತಾರೆ, ಆ ದಿನ ನೋಡಿಕೊಂಡು ಬಾ.

ಬರದಿದ್ದರೆ ಏನು ಮಾಡ್ತೀನಿ ಅಂತ ಬರೆದು ಹೆದರಿಸೋಣ ಅಂತಿದ್ದೆ. ಯೋಚನೆ ಮಾಡಿದೆ. ಏನೂ ಮಾಡಲ್ಲ. ಇಲ್ಲೇ ಇರ್ತೀನಿ. ಹಲ್ಲುಜ್ಜಿಸ್ತೀನಿ, ಮೋಟ್ರು ಆಫ್ ಮಾಡಿದೆ ಅಣ್ಣ ಅಂತೀನಿ. ಅದೇ ನನಗೆ ಹೆದರಿಕೆ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ನಿನ್ನ ಗಿಡಗಳು ಚೆನ್ನಾಗಿ ಬರಲಿ. ಸಣ್ಣವನು ಆಶೀರ್ವಾದ ಮಾಡಬಾರದು, ಆದರೂ ಈ ಮನೆಯಲ್ಲಿ ನಾನು ಈಗ ಅಪ್ಪನಿಗೇ ತಮ್ಮ, ಅದಕ್ಕೆ ಮಾಡ್ತಿದ್ದೀನಿ. ಮಾರಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ರವಿಕಿರಣ್
(ನಂದಕುಮಾರ್ ಮಗ)

ಮರೆತಿದ್ದೆ: ಮೇಲೆ ಒಂದು ವಿಷಯ ಬಿಟ್ಟಿದ್ದೀನಿ. ಅಜ್ಜಿ ನನ್ನನ್ನು ಪಿಳ್ಳ ಅಂತ ಒಳಗೆ ಕಳಿಸೋಕೆ ಮೊದಲು ದಿನಾ ನಾನೇ ಹೋಗ್ತಿದ್ದೆ. ಒಬ್ಬೊಬ್ಬರನ್ನೇ ಬಿಡ್ತಿದ್ದರು, ಯಾರೂ ಕೇಳಿಸಿಕೊಂಡಿಲ್ಲ. ಕಿವಿ ಹತ್ತಿರ ಬಗ್ಗಿ, "ಅಪ್ಪ, ನಾನು ಕಿರಣ, ಕಣ್ಣು ಬಿಡಪ್ಪ" ಅಂತಿದ್ದೆ. ಸ್ಕೂಲಿಗೆ ವಾಪಸ್ ಸೇರ್ಕೋತೀನಿ ಅಂತಲೂ ಅಂದೆ ಒಂದು ದಿನ. ಕೈ ಕೆಳಗೆ ನನ್ನ ಕೈ ಇಟ್ಟು ಕೂತಿರ್ತಿದ್ದೆ, ಟೈಮಾಯ್ತು ಅಂತ ಎಬ್ಬಿಸೋವರೆಗೆ. ಒಂದು ಬೆರಳೂ ಅಲ್ಲಾಡಲಿಲ್ಲ. ಆಗಿನ್ನೂ ಊತ ಇಳಿದಿರಲಿಲ್ಲ ಅಂತ ಡಾಕ್ಟರು ಹೇಳ್ತಾರೆ. ಇರಬಹುದು. ನೀನು ಬಂದಾಗ ಇದನ್ನ ಅಮ್ಮನ ಹತ್ತಿರ ಹೇಳಬೇಡ.